ಅಪ್‌ಡೇಟ್: ಗುಂಪಿನ ವ್ಯಾಯಾಮ ಸವಾಲಿಗೆ ಸೇರಿದ ಮೇಲೆ

ವ್ಯಾಯಾಮ ಆರಂಭಿಸಿದಾಗಲೆಲ್ಲ ಎರಡನೇ ವಾರಕ್ಕೇ ಕೈಬಿಡುವ ನನಗೆ ಗುಂಪಿನ ಸವಾಲಿನಿಂದ ಉಪಯೋಗವಾದೀತೇ ಎಂದು ಹಿಂದೆ ಕೇಳಿದ್ದೆ. ನೀವು ಸೂಚಿಸಿದಂತೆ ಆರು ಜನರ ತಂಡ ಸೇರಿ ಈಗ ಎಂಟು ವಾರಗಳಾಗಿವೆ. ಮೊದಲು ದಿನಕ್ಕೆ 10,000 ಹೆಜ್ಜೆಗಳ ಗುರಿಯಿತ್ತು. ಆ ಸಂಖ್ಯೆ 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನದ ಹೆಸರಿನಿಂದ ಹಬ್ಬಿದ್ದೇ ಹೊರತು ವೈದ್ಯಕೀಯ ನಿಯಮವಲ್ಲವೆಂದು ತಿಳಿದ ಮೇಲೆ, ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಸೂಚಿಸುವಂತೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆಯನ್ನೇ ಗುರಿಯಾಗಿಸಿಕೊಂಡೆವು. (ಹೆಜ್ಜೆಯ ಲೆಕ್ಕ ತುಂಬಿಸಲು ರಾತ್ರಿ ಹನ್ನೊಂದಕ್ಕೆ ಮನೆಯೊಳಗೇ ಸುತ್ತು ಹಾಕಿದ್ದನ್ನು ನೆನೆದರೆ ನಗು ಬರುತ್ತದೆ.) ನನ್ನನ್ನು ನಿಜವಾಗಿ ಎಬ್ಬಿಸಿದ್ದು ಯಾರು ಎಷ್ಟು ಮಾಡಿದರೆಂದು ತೋರಿಸುವ ತಂಡದ ಅಂಕಪಟ್ಟಿಯಲ್ಲ, ಬೆಳಿಗ್ಗೆ ಆರಕ್ಕೆ ಜೊತೆಗಾರರೊಬ್ಬರಿಂದ ಬರುವ "ಹೊರಟಿರಾ?" ಎಂಬ ಒಂದೇ ಪದದ ಸಂದೇಶ. ಐದನೇ ವಾರ ಜ್ವರ ಬಂದು ವ್ಯಾಯಾಮ ತಪ್ಪಿಹೋಗಿ, ಮರಳಲು ಸಂಕೋಚಪಡುತ್ತಿದ್ದಾಗ, ಹತ್ತು ನಿಮಿಷ ನಡೆದರೂ ಲೆಕ್ಕಕ್ಕಿದೆ ಎಂದು ಬರೆದವರೂ ಅವರೇ. ಅಂದು ಹತ್ತೇ ನಿಮಿಷ ನಡೆದೆ.