ಅಪ್‌ಡೇಟ್: ಆಂಜೈನಾ ರೋಗಿಗೆ ಕೆಟಮಿನ್ ಬೇಡ ಅಂದ್ರೆ ಮತ್ತೇನು?

ಸ್ಟೇಬಲ್ ಆಂಜೈನಾ (ಶ್ರಮಪಟ್ಟಾಗ ಹೃದಯಕ್ಕೆ ರಕ್ತ ಸಾಲದೆ ಬರುವ ಎದೆನೋವು) ಇರುವ 60 ಕೆಜಿ ರೋಗಿಗೆ ಪಿತ್ತಕೋಶದ ಆಪರೇಷನ್, ಇಂಡಕ್ಷನ್‌ಗೆ (ಅರಿವಳಿಕೆ ಶುರು ಮಾಡೋದಕ್ಕೆ) ಯಾವ ಔಷಧ ಅಂತ ಕೇಳಿದ್ದೆ. ಕೊನೆಗೆ ಉಳಿದಿದ್ದು ಎಟೊಮಿಡೇಟ್.

ಕೆಟಮಿನ್ ನಾಡಿ, ಬಿಪಿ ಎರಡನ್ನೂ ಏರಿಸುತ್ತೆ. ಎಡ ಹೃತ್ಕುಕ್ಷಿಯ ಸ್ನಾಯುವಿಗೆ ರಕ್ತ ಸಿಗೋದು ಹೆಚ್ಚಾಗಿ ಡಯಾಸ್ಟೊಲಿಯಲ್ಲಿ, ಅಂದರೆ ಹೃದಯ ಸಡಿಲಗೊಳ್ಳುವ ಬಿಡುವಿನಲ್ಲಿ. ನಾಡಿ 110 ದಾಟಿದರೆ ಆ ಬಿಡುವೇ ಕುಗ್ಗುತ್ತೆ. ಇನ್ನೊಂದು ಅರಿವಳಿಕೆ ಔಷಧ ಪ್ರೊಪೊಫಾಲ್ ಒಂದೇ ಸಲ ತಳ್ಳಿದರೆ ಬಿಪಿ ಕುಸಿದು ಕೊರೊನರಿಗೆ (ಹೃದಯಕ್ಕೆ ರಕ್ತ ಒಯ್ಯುವ ನಾಳಕ್ಕೆ) ಒತ್ತಡ ಸಾಲಲ್ಲ. ಎಟೊಮಿಡೇಟ್ 0.3 ಮಿಗ್ರಾಂ/ಕೆಜಿ, ಅಂದರೆ 18 ಮಿಗ್ರಾಂ, ಬಿಪಿಯನ್ನು ಅಷ್ಟಾಗಿ ಇಳಿಸಲ್ಲ. ಆದರೆ ನೋವನ್ನೂ ತಡೆಯಲ್ಲ, ಎಡವಟ್ಟಾಗೋದು ಇಲ್ಲೇ: ನೋವು ತಡೆಯೋ ಫೆಂಟನಿಲ್ 3 ಮೈಕ್ರೋಗ್ರಾಂ/ಕೆಜಿ ಕೊಟ್ಟು ಮೂರ್ನಾಲ್ಕು ನಿಮಿಷ ಕಾಯದೆ ಲ್ಯಾರಿಂಗೋಸ್ಕೋಪ್ (ಉಸಿರಿನ ನಳಿಕೆ ಹಾಕಲು ಗಂಟಲೊಳಗೆ ನೋಡುವ ಸಾಧನ) ಹಾಕಿದರೆ ನಾಡಿ ಜಿಗಿಯುತ್ತೆ. ನಾಡಿ ಇಳಿಸೋ ಎಸ್ಮೊಲಾಲ್, ಬಿಪಿ ಏರಿಸೋ ಫಿನೈಲೆಫ್ರಿನ್ ಸಿರಿಂಜಿಗೆ ಎಳೆದಿಟ್ಟಿರಬೇಕು. ದಿನಾ ತಗೊಳ್ಳೋ ಬೀಟಾ ಬ್ಲಾಕರ್ (ನಾಡಿ ನಿಧಾನ ಮಾಡೋ ಮಾತ್ರೆ) ಆಪರೇಷನ್ ದಿನ ಬೆಳಿಗ್ಗೆ ತಪ್ಪಿಸಬಾರದು. ಮಾನಿಟರಲ್ಲಿ ಇಸಿಜಿಯ ಲೀಡ್ 2, ವಿ5 ಎರಡೂ ಇರಲಿ.