ಗುಂಡಿಗೆ ಬಿದ್ದು ಅಲಾಯ್ ಕ್ರ್ಯಾಕ್ ಆಗಿದೆ, ವಾಪಸ್ ಸ್ಟೀಲ್ ವೀಲ್ ಹಾಕ್ಸ್ಲಾ?

ಪ್ರಶ್ನೆ (ಚಿಂತಾಮಣಿ): ಅಣ್ಣಾ, ರಾತ್ರಿ ಶ್ರೀನಿವಾಸಪುರ ರೋಡಲ್ಲಿ ಗುಂಡಿ ಕಾಣ್ದೆ ಇಳಿಸ್ಬಿಟ್ಟೆ, ಮುಂದಿನ ಎಡಗಡೆ ಅಲಾಯ್ ವೀಲು (ಅಲ್ಯೂಮಿನಿಯಂ ಮಿಶ್ರಲೋಹದ್ದು) ಒಳಗಿನ ಅಂಚಲ್ಲಿ ಸೀಳಿದೆ, ಗಾಳಿ ನಿಲ್ತಿಲ್ಲ. ಹೊರಗಡೆ ಹಾಕ್ಸಿದ್ದ ಸೆಟ್ಟು, ಕಾರ್ ಜೊತೆ ಬಂದಿದ್ದಲ್ಲ. ಒಬ್ರು ವೆಲ್ಡಿಂಗ್ ಮಾಡ್ಕೊಡ್ತೀನಿ ಅಂತಾರೆ, ಇನ್ನೊಬ್ರು ಫೋರ್ಜ್ಡ್ ತಗೋ ಅಂತಾರೆ, ನಮ್ಮಪ್ಪ ಸ್ಟೀಲೇ ಗಟ್ಟಿ ಅಂತಾರೆ.

ಉತ್ತರ (ವೀಲ್ ಫೌಂಡ್ರಿ ಕೆಲಸ, ತುಮಕೂರು): ವೆಲ್ಡಿಂಗ್ ಬೇಡ್ವೇ ಬೇಡ. ಅಲಾಯ್ ವೀಲನ್ನ ಎರಕ ಹೊಯ್ದ ಮೇಲೆ 540 ಡಿಗ್ರಿ ಹತ್ರ ಕಾಯ್ಸಿ ನೀರಿಗೆ ಹಾಕಿ ಆಮೇಲೆ ಕಮ್ಮಿ ಬಿಸೀಲಿ ಗಂಟೆಗಟ್ಲೆ ಇಡ್ತೀವಿ, ಟಿ6 ಅಂತಾರಲ್ಲ ಅದೇ, ಅದ್ರಿಂದ್ಲೇ ಗಟ್ಟಿ ಬರೋದು, ಬೆಸುಗೆ ಬಿಸಿ ತಾಗಿದ್ರೆ ಆ ಜಾಗ ಮತ್ತೆ ಮೆತ್ತಗಾಗುತ್ತೆ.

ಅಗ್ಗದ ಸೆಟ್‌ಗಳು ಜಾಸ್ತಿ ಗ್ರಾವಿಟಿ ಕಾಸ್ಟಿಂಗು. ಕರಗಿದ ಲೋಹ ಮೇಲಿಂದ ಸುಮ್ನೆ ಸುರಿಯೋದು, ಒಳಗೆ ಸಣ್ಣ ಸಣ್ಣ ಗಾಳಿ ತೂತು ಉಳಿಯುತ್ತೆ, ಆ ಕೊರತೆ ಸರಿದೂಗ್ಸೋಕೆ ದಪ್ಪ ಮಾಡ್ತಾರೆ, ತೂಕಾನೂ ಏರುತ್ತೆ. ಲೋ ಪ್ರೆಶರ್‌ನಲ್ಲಿ ಕೆಳಗಿಂದ ಗಾಳಿ ಒತ್ತಡದಲ್ಲಿ ಲೋಹ ಮೇಲಕ್ಕೆ ತಳ್ತೀವಿ, ಅಚ್ಚು ನಿಧಾನಕ್ಕೆ ತುಂಬುತ್ತೆ, ತೂತು ಕಮ್ಮಿ. ಕಾರ್ ಕಂಪ್ನಿಗಳ ಅಲಾಯ್ ಬಹುಪಾಲು ಇದೇ.

ನಿಮ್ಗೆ ನನ್ ಆಯ್ಕೆ ಫ್ಲೋ ಫಾರ್ಮ್ಡ್. ಎರಕದ ವೀಲನ್ನೇ ಕಾಯ್ಸಿ ತಿರುಗಿಸ್ತಾ ರಿಮ್ಮನ್ನ (ಟೈರ್ ಕೂರೋ ಬಳೆ) ರೋಲರಲ್ಲಿ ಒತ್ತಿ ಎಳೀತಾರೆ, ತೆಳ್ಳಗಾಗುತ್ತೆ ಆದ್ರೂ ಗಟ್ಟಿಯಾಗುತ್ತೆ. ನಿಮ್ದು ಸೀಳಿರೋದು ಅದೇ ಜಾಗ ನೋಡಿ. ಮಧ್ಯದ ಕಡ್ಡಿಗಳು (ಸ್ಪೋಕ್) ಮಾತ್ರ ಎರಕದ್ದೇ. ಫೋರ್ಜ್ಡು ಗಟ್ಟಿ ಲೋಹದ ಗಡ್ಡೇನ ಸಾವಿರಾರು ಟನ್ ಪ್ರೆಸ್ಸಲ್ಲಿ ಒತ್ತಿ ಕೊರೆದಿದ್ದು, ಹಗುರ, ಗಟ್ಟಿ ಎರಡೂ ಹೌದು, ಆದ್ರೆ ದುಡ್ಡು ನೋಡಿದ್ರೆ ಆಫೀಸಿಗೆ ಹೋಗಿಬರೋ ಕಾರಿಗೆ ಯಾಕೆ ಹೇಳಿ.

ಅಪ್ಪಾಜಿ ಮಾತೂ ಸುಳ್ಳಲ್ಲ, ಸ್ಟೀಲು ಸಾಮಾನ್ಯವಾಗಿ ಭಾರ ಆದ್ರೂ ಗುಂಡೀಲಿ ಸೀಳೋ ಬದ್ಲು ಸೊಟ್ಟ ಆಗುತ್ತೆ, ಹಳ್ಳೀಲೂ ಬಡಿದು ಸರಿ ಮಾಡ್ತಾರೆ. ದಿನಾ ಅದೇ ರೋಡಾದ್ರೆ ಸ್ಟೀಲಿಗೇ ಹೋಗಿ, ನಾಚ್ಕೆ ಏನಿಲ್ಲ.

ಮರುಪ್ರಶ್ನೆ (ಚಿಂತಾಮಣಿ): ಫ್ಲೋ ಫಾರ್ಮ್ಡ್ ಅಂತ ಅಂಗಡೀಲಿ ಹೇಳಿದ್ರೆ ನಂಬೋದ್ ಹೆಂಗಣ್ಣಾ? 15 ಇಂದ 17 ಇಂಚಿಗೆ ಹೋಗ್ಬೋದಾ?

ಉತ್ತರ: ನೋಡಿದ್ರೆ ಗೊತ್ತಾಗಲ್ಲ, ತೂಕ ಹಾಕ್ಸಿ, ಅದೇ ಸೈಜಿನ ಮಾಮೂಲಿ ವೀಲ್ ಪಕ್ಕ ಇಟ್ಟು, ಫ್ಲೋ ಫಾರ್ಮ್ಡ್ ಆದ್ರೆ ಹಗುರ ಇರ್ಬೇಕು. ಹಿಂದೆ ಮ್ಯಾಕ್ಸ್ ಲೋಡ್ ಕೆಜೀಲಿ ಒತ್ತಿರ್ಬೇಕು, ಆ ಅಂಕಿ ನಿಮ್ ಕಾರಿನ ಆಕ್ಸಲ್ ಲೋಡಿನ (ಮುಂದಿನ ಅಥವಾ ಹಿಂದಿನ ಜೋಡಿ ಚಕ್ರ ಹೊರೋ ತೂಕ) ಅರ್ಧಕ್ಕಿಂತ ಕಮ್ಮಿ ಇದ್ರೆ ವಾಪಸ್ ಕೊಟ್ಬಿಡಿ. 17 ಬೇಡ, ಟೈರ್ ಪಕ್ಕದ ರಬ್ಬರ್ ಗಿಡ್ಡ ಆಗಿ ಗುಂಡಿ ಪೆಟ್ಟು ನೇರ ರಿಮ್ಮಿಗೇ ಬೀಳುತ್ತೆ, ಫೋರ್ಜ್ಡ್ ಆದ್ರೂ ಅಷ್ಟೇ.

ಇನ್ನೊಬ್ರು (ಗೌರಿಬಿದನೂರು): ಸಾರ್, ಅಲಾಯ್ ನಟ್ಟುಗಳೇ ಸ್ಟೀಲ್ ಸ್ಟೆಪ್ನಿಗೂ ಆಗ್ತವಾ?

ಉತ್ತರ: ಕೆಲವು ಕಾರಲ್ಲಿ ಆಗ್ತವೆ, ಇನ್ನು ಕೆಲವು ಕಾರಲ್ಲಿ ನಟ್ ಕೂರೋ ಜಾಗದ ಆಕಾರಾನೇ ಬೇರೆ. ಕಾರ್ ಪುಸ್ತಕ ನೋಡಿ, ಬೇರೆ ಅಂತಿದ್ರೆ ಸ್ಟೀಲಿನ ನಟ್ಟು ಒಂದ್ ಸೆಟ್ ಡಿಕ್ಕೀಲಿ ಹಾಕಿರಿ.