ಮೋಟರ್‌ಹೋಮಿನಲ್ಲಿ ಸಾಮಾನಿಗೆ ಜಾಗ ಸಾಲುತ್ತಿಲ್ಲ, ಗೊತ್ತಿದ್ದವರು ಹೇಳಿ

ಬದಿಯಡ್ಕದಿಂದ ಪ್ರಶ್ನೆ:

3350 ಮಿ.ಮೀ. ವೀಲ್‌ಬೇಸಿನ (ಮುಂದಿನ ಆಕ್ಸಲಿನಿಂದ ಹಿಂದಿನದಕ್ಕೆ ಇರುವ ದೂರ) ಟ್ರಾವೆಲರ್ ವ್ಯಾನು, ಮೋಟರ್‌ಹೋಮ್ ಮಾಡಿಸಿದ್ದು. ಹಿಂದೆ ಅಡ್ಡ ಮಂಚ, ಎಡಕ್ಕೆ ಅಡುಗೆ ಕಟ್ಟೆ, ಬಲಕ್ಕೆ ಬೆಂಚು. ದೊಡ್ಡವರು ಇಬ್ಬರು, ಮಕ್ಕಳು ಇಬ್ಬರು, ಕೆಲವೊಮ್ಮೆ ಅಜ್ಜಿ. ಬಟ್ಟೆ, ಹೊದಿಕೆ, ಪಾತ್ರೆ, ಕುಚ್ಚಲಕ್ಕಿ, ಒದ್ದೆ ಕೊಡೆ ಯಾವುದಕ್ಕೂ ಜಾಗ ಇಲ್ಲ. ಆಚಾರಿಯವರು 18 ಮಿ.ಮೀ. ಪ್ಲೈಯಲ್ಲಿ ಮೂರು ಕಪಾಟು ಮಾಡುವ ಅಂತಾರೆ. ಮಾಡಿಸಬಹುದಾ? ಮೇಲೆ ಕ್ಯಾರಿಯರ್ ಹಾಕಿಸಿದರೆ ಹೇಗೆ?

ಕುಂಬಳೆ:

ಆಚಾರಿಯವರನ್ನು ಸ್ವಲ್ಪ ತಡೆಯಿರಿ ಮಾರಾಯ್ರೆ. ಎಂಟು-ನಾಲ್ಕು ಅಡಿಯ 18 ಮಿ.ಮೀ. ಶೀಟು ಒಂದೇ 32ರಿಂದ 37 ಕೆ.ಜಿ. ತೂಗುತ್ತದೆ. ಮೂರು ಕಪಾಟಿಗೆ ಮೂರು ಶೀಟು ಹಿಡಿದರೂ ಒಂದು ಲುಂಗಿ ಇಡುವ ಮೊದಲೇ ನೂರು ಕೆ.ಜಿ. ಆಯಿತು. ಮನೆಗೆ 18 ಸರಿ, ಓಡುವ ಗಾಡಿಗೆ ದಂಡ. ಚೌಕಟ್ಟಿಗೆ 12, ಬಾಗಿಲಿಗೆ 9 ಸಾಕು. ಪ್ಲೈ ಐಎಸ್ 710 ದರ್ಜೆಯದ್ದೇ, ಅಂದರೆ ನೀರು ತಡೆಯುವ ಮರೈನ್ ಪ್ಲೈಯೇ ಇರಲಿ. ಐಎಸ್ 303ರ ಎಂಆರ್ ಪ್ಲೈ (ಸ್ವಲ್ಪ ತೇವ ಮಾತ್ರ ತಡೆಯುವಂಥದ್ದು) ನಮ್ಮ ಮಳೆಗೆ ಅಂಚಿನಲ್ಲಿ ಪದರ ಬಿಡುತ್ತದೆ.

ಜಾಗ ಹುಡುಕುವ ಮೊದಲು ತೂಕ ನೋಡಿಸಿ. ಡೀಸೆಲ್ ಫುಲ್, ನೀರಿನ ಟ್ಯಾಂಕ್ ಫುಲ್, ಮನೆಯವರೆಲ್ಲ ಒಳಗೆ ಕೂತು ವೇಬ್ರಿಡ್ಜ್ ಹತ್ತಿಸಿ. ಆರ್‌ಸಿಯಲ್ಲಿ ಬರೆದ ಒಟ್ಟು ತೂಕದಿಂದ ಅದನ್ನು ಕಳೆದು ಉಳಿದದ್ದೇ ನಿಮ್ಮ ಲೆಕ್ಕ. ಅಲ್ಲೇ ಹಿಂದಿನ ಚಕ್ರ ಮಾತ್ರ ಹಲಗೆಯ ಮೇಲೆ ನಿಲ್ಲಿಸಿ ಇನ್ನೊಂದು ಚೀಟಿ ತೆಗೆಸಿಕೊಳ್ಳಿ. ಮಂಚದ ಕೆಳಗೆ ಖಾಲಿ ಕಾಣುತ್ತದೆ ಅಂತ ಎಲ್ಲರೂ ಅಲ್ಲೇ ತುಂಬುತ್ತಾರೆ. ಹಿಂದಿನ ಆಕ್ಸಲಿನಿಂದ ಒಂದು ಮೀಟರ್ ಆಚೆ 40 ಕೆ.ಜಿ. ಇಟ್ಟರೆ ಈ ವೀಲ್‌ಬೇಸಿಗೆ ಆ ಆಕ್ಸಲಿನ ಮೇಲೆ ಬೀಳುವುದು 52. ಮುಂದಿನಿಂದ 12 ಏಳುತ್ತದೆ, ಸ್ಟೇರಿಂಗ್ ಹಗುರ ಅನಿಸುವುದು ಅದಕ್ಕೇ. ಅಕ್ಕಿ, ಕುಕ್ಕರ್, ಟೂಲ್ ಬಾಕ್ಸ್ ಎಲ್ಲ ಬೆಂಚಿನ ಕೆಳಗೆ, ನೆಲಕ್ಕೆ ತಾಗಿ, ಎರಡು ಆಕ್ಸಲಿನ ನಡುವೆ ಇರಲಿ. ಮಂಚದಡಿಗೆ ಹೊದಿಕೆ, ಚಾಪೆ, ಖಾಲಿ ಬಕೆಟ್.

ತಾಳವಾಡಿ:

ಡ್ರಾಯರ್ ಮಾಡಿಸ್ತೀರಾದ್ರೆ ದಿಂಬಂ ಘಾಟಿಯನ್ನ ಮನಸ್ಸಲ್ಲಿಟ್ಕೊಂಡು ಮಾಡಿಸಿ ಸಾರ್. 27 ಹೇರ್‌ಪಿನ್ ತಿರುವು, ಎಡಕ್ಕೊಂದು ಬಲಕ್ಕೊಂದು. ಮ್ಯಾಗ್ನೆಟ್ ಕ್ಯಾಚ್ ಹಾಕಿದ ಡ್ರಾಯರ್ ಅಷ್ಟು ತಿರುವು ತಾಳಲ್ಲ, ಪಾತ್ರೆ ಸಮೇತ ನಡುದಾರಿಗೆ ಬರ್ತದೆ. ಒತ್ತಿದರೆ ಗುಂಡಿ ಹೊರಗೆ ಬರೋ ಪುಶ್ ಲಾಕ್ ಹಾಕಿಸಿ. ಅದು ಸಾಮಾನ್ಯವಾಗಿ 15ರಿಂದ 18 ಮಿ.ಮೀ. ಹಲಗೆಗೆ ಮಾಡಿದ್ದು, ಆದ್ರಿಂದ 9 ಮಿ.ಮೀ. ಮುಖಕ್ಕೆ ಒಳಗಡೆಯಿಂದ ಇನ್ನೊಂದು 9ರ ತುಂಡು ಅಂಟಿಸ್ಬೇಕು. ಇಲ್ಲಾಂದ್ರೆ ಲಾಕ್ ಸಡಿಲ ಬಿದ್ದು ಗಡಗಡ ಅಂತದೆ.

ಚಾನೆಲ್ 45 ಕೆ.ಜಿ. ತಡೆಯೋ ಬಾಲ್ ಬೇರಿಂಗ್ ಟೆಲಿಸ್ಕೋಪಿಕ್ ಸಾಕು. ಗೂಡಿನ ಅಗಲದಲ್ಲಿ 26 ಮಿ.ಮೀ. ಕಳೆದರೆ ಡ್ರಾಯರ್ ಅಗಲ ಬಂತು, ಒಂದೊಂದು ಬದಿಗೆ 13. ಗಾಡಿ ನಿಂತಾಗ ಸಲೀಸಾಗಿ ಜಾರಿದ ಡ್ರಾಯರ್, ಒಂದು ಚಕ್ರ ಗುಂಡಿಗಿಳಿದು ಬಾಡಿ ತಿರುಚಿಕೊಂಡಾಗ ಕಚ್ಚಿಕೊಳ್ತದೆ. ಅದಕ್ಕೇ ಒಂದು ಮಿ.ಮೀ. ಬಿಗಿಯೂ ಬೇಡ.

ಅಸಲಿಗೆ ಡ್ರಾಯರ್ ಎಲ್ಲಾ ಕಡೆ ಬೇಕಾಗಲ್ಲ. 50 ಸೆಂ.ಮೀ. ಉದ್ದ, 40 ಅಗಲ, 20 ಎತ್ತರದ ಡ್ರಾಯರ್ 9ರ ಪ್ಲೈಯಲ್ಲಿ ಚಾನೆಲ್ ಸೇರಿ ನಾಲ್ಕೂವರೆ ಕೆ.ಜಿ. ಹತ್ತಿರ ಬರ್ತದೆ. ತರಕಾರಿ ಕ್ರೇಟು ಅದರ ಮೂರನೇ ಒಂದು ಭಾಗ. ಕಟ್ಟೆ ಕೆಳಗೊಂದು ಡ್ರಾಯರ್ ಸಾಕು, ಮಿಕ್ಕಿದ್ದು ಕ್ರೇಟಲ್ಲಿ. ಮುಂದೆ 40 ಮಿ.ಮೀ. ಎತ್ತರದ ಅಡ್ಡಪಟ್ಟಿ, ಮೇಲೊಂದು ಬಕಲ್ ಬೆಲ್ಟು.

ಮಂಜೇಶ್ವರ:

ಮೇಲಿನ ಗೂಡು, ಅಂದರೆ ಕಿಟಕಿಯ ಮೇಲೆ ಮಾಡಿಸುವುದು, ಹೆಚ್ಚಿನವರು ಹಾಳು ಮಾಡಿಕೊಳ್ಳುವುದು ಅಲ್ಲಿ. ತಗಡಿಗೆ ನೇರ ಸೆಲ್ಫ್ ಸ್ಕ್ರೂ ಹೊಡೆಯುತ್ತಾರೆ. ಅಲುಗಾಟಕ್ಕೆ ತೂತು ಅಗಲವಾಗಿ ಸ್ಕ್ರೂ ತಿರುಗುತ್ತಾ ಇರುತ್ತದೆ, ಕೊನೆಗೆ ಗೂಡು ತಲೆಯ ಮೇಲೆ. ಅದಕ್ಕೆ ರಿವ್‌ನಟ್ ಬೇಕು, ಅಂದರೆ ತೂತಿಗೆ ಕೂರಿಸಿ ಎಳೆದರೆ ತಗಡಿಗೆ ಕಚ್ಚಿಕೊಳ್ಳುವ, ಒಳಗೆ ಬೋಲ್ಟ್ ಹಿಡಿಯುವ ನಟ್.

ಕ್ರಮ ಹೀಗೆ. ಒಳಗಿನ ಲೈನಿಂಗ್ ಬಿಚ್ಚಿ ಬಾಡಿಯ ಪಕ್ಕೆಲುಬು ಎಲ್ಲುಂಟು ನೋಡಿ. ಹೊರತಗಡಿಗೆ ಯಾವತ್ತೂ ತೂತು ಹೊಡೆಯಬೇಡಿ. ಪಕ್ಕೆಲುಬಿನೊಳಗೆ ವಯರ್ ಹೋಗಿದೆಯೋ ಮೊದಲು ಟಾರ್ಚ್ ಬಿಟ್ಟು ಪರೀಕ್ಷಿಸಿ. ಎಂ6 ರಿವ್‌ನಟ್ಟಿಗೆ 9 ಮಿ.ಮೀ. ತೂತು. ಡ್ರಿಲ್ ಬಿಟ್ಟಿಗೆ ತುದಿಯಿಂದ ಒಂದು ಸೆಂ.ಮೀ. ಬಿಟ್ಟು ಟೇಪ್ ಸುತ್ತಿ, ಆಚೆ ತೂರಿ ಹೊರಮೈಗೆ ಗುಳ್ಳೆ ಏಳುವುದು ತಪ್ಪುತ್ತದೆ. ತೂತಿನ ಅಂಚು ಅರದಲ್ಲಿ ತಿಕ್ಕಿ, ಜಿಂಕ್ ಪ್ರೈಮರ್ ಹಚ್ಚಿ, ಒಣಗಿದ ಮೇಲೆ ರಿವ್‌ನಟ್ ಎಳೆಯಿರಿ. ಪ್ರೈಮರ್ ಬಿಟ್ಟರೆ ಕಡಲಗಾಳಿಗೆ ಎರಡು ಮಳೆಗಾಲದಲ್ಲಿ ಅಲ್ಲಿಂದಲೇ ತುಕ್ಕು ಶುರು. ಬೋಲ್ಟ್ ಎಸ್‌ಎಸ್ 304, ದೊಡ್ಡ ವಾಷರ್, ಬೋಲ್ಟ್ ಸಡಿಲವಾಗದಂತೆ ಹಿಡಿಯುವ ನೀಲಿ ಥ್ರೆಡ್ ಲಾಕ್ ಅಂಟು ಎರಡು ಹನಿ. ಒಂದೂಕಾಲು ಮೀಟರ್ ಉದ್ದದ ಗೂಡಿಗೆ ಆರು ಬೋಲ್ಟ್, ಮೇಲೆ ನಾಲ್ಕು, ಕೆಳಗೆ ಎರಡು. 200 ಕಿ.ಮೀ. ಓಡಿದ ಮೇಲೆ ಒಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಅದರಲ್ಲಿ ಬಟ್ಟೆ ಮಾತ್ರ; ಡಬ್ಬಿ, ಬಾಟ್ಲಿ ಬೇಡ.

ಇನ್ನು ಬೂಸು (ಬೂಷ್ಟು). ಆಟಿ ತಿಂಗಳ ಜಡಿಮಳೆಯಲ್ಲಿ ಮುಚ್ಚಿದ ಕಪಾಟಿನ ಬಟ್ಟೆಗೆ ಎಂಟು ದಿನ ಸಾಕು. ಹೊರತಗಡು ಮಳೆಗೆ ತಣ್ಣಗಾಗುತ್ತದೆ, ಐದು ಜನರ ಉಸಿರು ಮತ್ತು ಅನ್ನದ ಹಬೆ ಅದಕ್ಕೆ ತಾಗಿ ನೀರಾಗುತ್ತದೆ. ಕಪಾಟಿನ ಬೆನ್ನು ತಗಡಿಗೆ ಅಂಟಿದ್ದರೆ ಆ ನೀರು ಬಟ್ಟೆಗೇ. 20 ಮಿ.ಮೀ. ಬಿಟ್ಟು ನಿಲ್ಲಿಸಿ. ಬಾಗಿಲಿನ ಮೇಲೆ ಕೆಳಗೆ ಮೂರು ಮೂರು ತೂತು ಬೇಕು, 35 ಮಿ.ಮೀ. ಆಟೋ ಹಿಂಜ್ ಕೂರಿಸುವ ಬಿಟ್ ಅದೇ ಅಳತೆಯದ್ದು, ಆಚಾರಿಯವರ ಚೀಲದಲ್ಲಿ ಇದ್ದೇ ಇರುತ್ತದೆ. ಮಂಚಕ್ಕೆ ಇಡೀ ಹಲಗೆಯ ಬದಲು 65 ಮಿ.ಮೀ. ಪಟ್ಟಿ, 45 ಮಿ.ಮೀ. ಸಂದು. ಹಾಸಿಗೆಯ ಅಡಿ ಒಣಗಿರುತ್ತದೆ, ತೂಕವೂ ಇಳಿಯಿತು.

ತೇವ ಹೀರುವ ಡಬ್ಬಿ ತಂದಿಡಬೇಡಿ. ಅದರಲ್ಲಿರುವ ಕ್ಯಾಲ್ಸಿಯಂ ಕ್ಲೋರೈಡ್ ನೀರಾಗಿ, ತಿರುವಿನಲ್ಲಿ ಚೆಲ್ಲಿ, ಬಿದ್ದಲ್ಲೆಲ್ಲ ಕಬ್ಬಿಣ ತಿನ್ನುತ್ತದೆ. ಬಟ್ಟೆ ಚೀಲದಲ್ಲಿ ಸಿಲಿಕಾ ಜೆಲ್ ಆದೀತು.

ಒದ್ದೆ ಕೊಡೆಗೆ ನಾಲ್ಕಿಂಚಿನ ಪಿವಿಸಿ ಪೈಪು, 60 ಸೆಂ.ಮೀ. ತುಂಡು, ಮೆಟ್ಟಿಲ ಪಕ್ಕ ಎರಡು ಕ್ಲಾಂಪಿನಲ್ಲಿ ನಿಲ್ಲಿಸಿ. ಅಡಿಗೆ ಮುಚ್ಚಳ, ಅದರಲ್ಲಿ ತೂತು ಮಾಡಿ ಸಣ್ಣ ಹೋಸ್ ಸಿಕ್ಕಿಸಿ ಮೆಟ್ಟಿಲ ಕೆಳಗೆ ಬಿಡಿ. ಉದ್ದ ಕೊಡೆ ಎರಡು ಹಿಡಿಯುತ್ತದೆ.

ಅಕ್ಕಲಕೋಟೆ:

ಹೊದಿಕೆಗೆ ಬ್ಯಾರೆ ಜಾಗಾನೇ ಯಾಕ್ ಬೇಕ್ರಿ? ಜಿಪ್ ಇರೋ ದಿಂಬಿನ ಕವರ್ ನಾಲ್ಕು ಹೊಲಿಸ್ರಿ, ಒಂದೊಂದರಾಗ ಒಂದು ಸೋಲಾಪುರಿ ಚಾದರ ಮಡಚಿ ತುಂಬ್ರಿ. ಹಗಲಿಗೆ ಬೆಂಚಿಗೆ ಒರಗು, ರಾತ್ರಿಗೆ ಹೊದಿಕೆ. ಗಾಳಿ ಎಳೆಯೋ ವ್ಯಾಕ್ಯೂಮ್ ಚೀಲ ರಜಾಯಿಗೆ ಚಲೋ, ಚಾದರಕ್ಕ ಅಷ್ಟು ಉಪಯೋಗಿಲ್ಲ. ಗಾತ್ರ ಇಳೀತದ, ತೂಕ ಇಳಿಯೂದಿಲ್ಲ. ಜಿಪ್ಪಿನ ಗೆರಿಯೊಳಗ ಒಂದು ಹಳ್ಳು ಧೂಳಿದ್ರ ಬೆಳಗಾಗೂದ್ರಾಗ ಮತ್ತ ಉಬ್ಬಿರ್ತದ.

ಅಂಟಿಸೋ ಹುಕ್ ನಂಬಬ್ಯಾಡ್ರಿ. ಮೇ ತಿಂಗಳ ಬಿಸಿಲಾಗ ಗಾಡಿ ನಿಲ್ಲಿಸಿದ್ರ ಒಳಗಿನ ತಗಡಿನ ಶಾಖಕ್ಕ ಟೇಪಿನ ಅಂಟು ಮೆತ್ತಗಾಗಿ ಎಲ್ಲಾ ಕೆಳಗ ಬರ್ತದ. ಸ್ಪ್ರೇ ಡಬ್ಬಿ, ಲೈಟರ್ ಮ್ಯಾಲಿನ ಗೂಡಿನಾಗ ಇಡಲೇಬಾರದು.

ಇನ್ನೊಂದು, ದುಂಡು ಡಬ್ಬಿ ಬಿಟ್ಟು ಚೌಕ ಡಬ್ಬಿ ತಗೋರಿ. ದುಂಡಂದ್ರ ಮೂಲಿ ಮೂಲಿಗೆ ಖಾಲಿ ಬಿದ್ದು ನೂರಕ್ಕ 21 ಪಾಲು ಜಾಗ ಹಾಳು. ಐದು ಡಬ್ಬಿಗೆ ಒಂದು ಡಬ್ಬಿ ಜಾಗ ಅಲ್ಲೇ ಸಿಗ್ತದ.

ಹೊಸೂರು:

ಕ್ಯಾರಿಯರ್ ಬಗ್ಗೆ ಯಾರೂ ಹೇಳಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಅಳತೆಗಿಂತ ಬೇರೆಯಾಗುವಂಥ ಬದಲಾವಣೆ ಮಾಡಿಸುವಂತಿಲ್ಲ. ವೆಲ್ಡಿಂಗ್ ಶಾಪಿಗೆ ಹೋಗುವ ಮೊದಲು ಆರ್‌ಟಿಓ ಕಚೇರಿಯಲ್ಲಿ ಕೇಳಿ, ಇನ್ಶೂರೆನ್ಸಿನವರಿಗೂ ತಿಳಿಸಿ. ಒಪ್ಪಿಗೆ ಸಿಕ್ಕರೂ ಮೇಲಕ್ಕೆ ಹೋಗಬೇಕಾದ್ದು ಚಾಪೆ, ಮಡಚುವ ಕುರ್ಚಿ, ಟಾರ್ಪಾಲು ಇಷ್ಟೇ. ಮೇಲೆ ಭಾರ ಏರಿದಷ್ಟೂ ತಿರುವಿನಲ್ಲಿ ಗಾಡಿ ವಾಲುತ್ತದೆ.

ಪ್ಲೈ ಬದಲು 20×20 ಮಿ.ಮೀ. ಅಲ್ಯೂಮಿನಿಯಂ ಪ್ರೊಫೈಲ್ ಚೌಕಟ್ಟನ್ನೂ ನೋಡಿ. ಮೀಟರಿಗೆ ಅರ್ಧ ಕೆ.ಜಿ. ಆಸುಪಾಸು. ಬೋಲ್ಟು ಸಡಿಲಿಸಿ ಶೆಲ್ಫ್ ಮೇಲೆ ಕೆಳಗೆ ಸರಿಸಬಹುದು, ಮಕ್ಕಳ ಸಾಮಾನು ವರ್ಷ ವರ್ಷ ಬದಲಾಗುತ್ತಲ್ಲ. ಬಾಗಿಲ ಬದಲು ಎಲಾಸ್ಟಿಕ್ ಬಲೆ.

ಕುಂಬಳೆ:

ಕ್ಯಾರಿಯರಿಗೆ ಇನ್ನೊಂದು ಮಾತು ಸೇರಿಸಿ. ನಮ್ಮ ಒಳರಸ್ತೆಗಳಲ್ಲಿ ತೆಂಗಿನ ಮಡಲೂ ಕೇಬಲ್ ಟಿವಿ ವಯರೂ ಇನ್ನೂ ತಗ್ಗಿನಲ್ಲೇ ಉಂಟು. ಹಾಕಿಸಿದರೆ ಒಟ್ಟು ಎತ್ತರ ಅಳೆದು ಡ್ಯಾಶ್‌ಬೋರ್ಡಿನಲ್ಲಿ ಬರೆದು ಅಂಟಿಸಿ. ಪಾತ್ರೆಯಲ್ಲೂ ಕಡಿಮೆ ಮಾಡಬಹುದು: ಸ್ಟೀಲ್ ಬಟ್ಟಲಿನ ಬದಲು ಅಡಿಕೆ ಹಾಳೆಯ ತಟ್ಟೆ ಒಂದು ಕಟ್ಟು. ತೊಳೆಯುವ ನೀರೂ ಉಳಿಯುತ್ತದೆ. ಅದನ್ನು ಮಾತ್ರ ಒಣ ಡಬ್ಬಿಯಲ್ಲಿಡಿ, ಬೂಸು ಮೊದಲು ಹಿಡಿಯುವುದು ಅದಕ್ಕೆ.

ಬದಿಯಡ್ಕ:

ಎಲ್ಲರಿಗೂ ಧನ್ಯವಾದ. 18ರ ಪ್ಲೈ ಬೇಡ ಅಂತ ಆಚಾರಿಯವರಿಗೆ ಹೇಳಿ ಆಯಿತು. ಇನ್ನೊಂದು: ಕಟ್ಟೆಯ ಕೆಳಗೆ 5 ಕೆ.ಜಿ. ಸಿಲಿಂಡರಿನ ಪಕ್ಕ ಒಂಬತ್ತಿಂಚು ಖಾಲಿ ಉಂಟು. ಅಲ್ಲಿ ತೆಂಗಿನೆಣ್ಣೆ, ಉಪ್ಪಿನಕಾಯಿ ಭರಣಿ ಇಡಬಹುದಾ? ಇನ್ವರ್ಟರಿನ ಮೇಲೂ ಸ್ವಲ್ಪ ಜಾಗ ಉಂಟು.

ಮಂಜೇಶ್ವರ:

ಎರಡೂ ಬೇಡ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಇಳಿಯುತ್ತದೆ. ಸಿಲಿಂಡರಿನ ಗೂಡು ಒಳಗಿನ ಕಡೆಗೆ ಪೂರ್ತಿ ಮುಚ್ಚಿರಬೇಕು, ನೆಲದಲ್ಲಿ ಹೊರಕ್ಕೆ ತೆರೆದ ತೂತು ಇರಬೇಕು. ಭರಣಿ ಇಟ್ಟರೆ ಮೊದಲು ಮುಚ್ಚಿಹೋಗುವುದು ಆ ತೂತೇ, ಕುಲುಕಾಟಕ್ಕೆ ಉಜ್ಜಿ ಸವೆಯುವುದು ರಬ್ಬರ್ ಹೋಸ್. ಇನ್ವರ್ಟರಿಗೆ ಸುತ್ತ ಗಾಳಿಯಾಡಬೇಕು, ಅದರ ಮೇಲೆ ಟವೆಲ್ ಕೂಡ ಒಣಗಿಸಬೇಡಿ. ಆ ಒಂಬತ್ತಿಂಚಿನಲ್ಲಿ ನಾಲ್ಕನ್ನು ಅಡ್ಡಹಲಗೆ ಹಾಕಿ ಬೇರ್ಪಡಿಸಿ, ಅಂಚಿಗೆ ಸೀಲೆಂಟ್ ಹಚ್ಚಿದರೆ ಮಣೆ ಮತ್ತು ಹಾಳೆ ತಟ್ಟೆ ನಿಲ್ಲಿಸಲು ಆಗುತ್ತದೆ. ಉಳಿದ ಐದಿಂಚು ಸಿಲಿಂಡರಿಗೇ ಇರಲಿ, ರೆಗ್ಯುಲೇಟರ್ ತಿರುಗಿಸಲು ಕೈ ಹೋಗಬೇಕಲ್ಲ.